ಟೆರೇಸಿಗೆ ಬಂದ ಕಡಲ ಹಕ್ಕಿ

ಬೆಂಗಳೂರಿನ ಅತ್ತಿಗುಪ್ಪೆಯ ನಮ್ಮ ಮನೆಯ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಕಡಲ ಹಕ್ಕಿಯೊಂದು ಮುದುಡಿ ಕೂತಿತ್ತು! ಇಂಥ ಹಕ್ಕಿಗಳನ್ನು ನೋಡಲೆಂದೇ ಪ್ರತಿ ಕಾರ್ತಿಕದಲ್ಲಿ ಮಲ್ಪೆಗೆ ಹೋಗುವವಳು ನಾನು. ಈ ಸಲ ಚಂಡಮಾರುತವೆಂದು ಟಿಕೆಟ್ ರದ್ದು ಮಾಡಿ ಮುಖ ಊದಿಸಿಕೊಂಡಿದ್ದೆ. ಅದೇ ಗಾಳಿ ಹಕ್ಕಿಯನ್ನು ಇಲ್ಲಿಗೇ ತಂದು ಹಾಕಿತ್ತು.

ಅತ್ತೆ ಅನ್ನ ಇಟ್ಟರು, ನೆನೆಸಿದ ಕಡಲೆ ಇಟ್ಟರು. ಅದು ಕಣ್ಣೆತ್ತಿಯೂ ನೋಡಲಿಲ್ಲ.

“ಅತ್ತೆ, ಅದು ಮೀನು ಬಿಟ್ಟು ಬೇರೇನೂ ತಿನ್ನಲ್ಲ” ಎಂದೆ, ಅಳುಕುತ್ತಲೇ. ಕೊರಳಲ್ಲಿ ಲಿಂಗ ಧರಿಸುವ ಅತ್ತೆ ಈ ಮನೆಯೊಳಗೆ ಮೊಟ್ಟೆಯನ್ನೂ ಬಿಟ್ಟವರಲ್ಲ. ಸ್ವಲ್ಪ ಹೊತ್ತು ಹಕ್ಕಿಯನ್ನೇ ನೋಡಿದರು.

“ಮತ್ತೆ ನಿಂತ್ಕೊಂಡು ಏನ್ ನೋಡ್ತೀಯ? ಹೋಗಿ ತಗೊಂಡ್ ಬಾ. ಹಸಿದು ಬಂದಿರೋದಕ್ಕೆ ನಮ್ಮ ಆಚಾರ ತಿನ್ಸಕ್ಕಾಗತ್ತಾ?”

ಕೊಡೆ ಹಿಡಿದು ಪಕ್ಕದ ವಿಜಯನಗರಕ್ಕೆ ಓಡಿ ಸಣ್ಣ ಮೀನು ತಂದೆ. ಹಕ್ಕಿ ಒಂದೊಂದನ್ನೇ ಗುಳುಂ ಮಾಡಿತು. ಮರುದಿನ ಮಳೆ ಬಿಟ್ಟಾಗ ಮನೆಯ ಮೇಲೆ ಒಂದು ಸುತ್ತು ಹಾಕಿ ಹಾರಿಹೋಯಿತು.

ಅತ್ತೆ ಟೆರೇಸನ್ನು ನೀರು ಹಾಕಿ ಉಜ್ಜಿ ಉಜ್ಜಿ ತೊಳೆಸಿದರು. ಮೀನು ಇಟ್ಟಿದ್ದ ತಟ್ಟೆಯನ್ನು ಮಾತ್ರ ಎಸೆಯಲು ಬಿಡಲಿಲ್ಲ. ಅದೀಗ ಟ್ಯಾಂಕಿನ ಕೆಳಗೇ ಇದೆ. ಗಾಳಿ ಜೋರಾದಾಗ ನನಗಿಂತ ಮೊದಲು ಅತ್ತೆ ಮೆಟ್ಟಿಲು ಹತ್ತಿರುತ್ತಾರೆ.