ತೊಟ್ಟಿಲು ಕಟ್ಟುವ ಮೊದಲು ಗೋಡೆ ನೋಡಿ

ನಮ್ಮ ಚಾಮರಾಜನಗರದ ಕಡೆ ಗೋಡೆಗೆ ಯಾವ ಕಾಯಿಲೆ ಬಂದರೂ ಮದ್ದು ಒಂದೇ, ದೀಪಾವಳಿಯ ಬಣ್ಣ. ಗೋಡೆ ಬೆವರುತ್ತಿದೆಯೇ, ಬಣ್ಣ ಬಳಿ. ಬಿರುಕು ಬಿಟ್ಟಿದೆಯೇ, ಇನ್ನೊಂದು ಕೋಟು ಬಳಿ. ಹಬ್ಬದ ಹೊತ್ತಿಗೇ ಹಿಂಗಾರು ಹಿಡಿಯುತ್ತದೆ, ಅದರ ಬೆನ್ನಿಗೇ ಚಳಿ, ಒಳಗೆ ಸೇರಿದ ನೀರು ಸಂಕ್ರಾಂತಿಯವರೆಗೂ ಆರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ ಗೋಡೆಯನ್ನು ತಟ್ಟಿ ಮುಟ್ಟಿ ನೋಡಬೇಕಾದ ತಿಂಗಳಲ್ಲೇ ಅದಕ್ಕೆ ಮುಸುಕು ಹಾಕಿ ಕೂರುತ್ತಾರೆ.

ನಾನು ಮೇಸ್ತ್ರಿಯಲ್ಲ. ಗುಂಡ್ಲುಪೇಟೆಯಲ್ಲಿ ಅರಿಸಿನದ ವ್ಯಾಪಾರ ಮಾಡಿಕೊಂಡು ಮೇಲೆ ಬಂದವನು. ಹಳೆಯ ಮನೆ ಕೊಳ್ಳುವಾಗ ಬೆಲೆ ಇಳಿಸುವುದಕ್ಕಾಗಿ ಗೋಡೆ ನೋಡುವುದನ್ನು ಕಲಿತೆ. ಬೀಗದ ಕೈಯಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ಕಡೆ ಗಾರೆ ಬಿಟ್ಟುಕೊಂಡಿದೆ ಎಂದೇ ಲೆಕ್ಕ. ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕಿಗೆ ಹೆದರಬೇಕು. ಬುಡದಲ್ಲಿ ಬಿಳಿ ಉಪ್ಪು ಎದ್ದಿದ್ದರೆ ಗೋಡೆ ಎಲ್ಲಿಂದಲೋ ನೀರು ಕುಡಿಯುತ್ತಿದೆ. ಇಷ್ಟನ್ನು ತೋರಿಸಿದರೆ ಸಾಕು, ಮಾರುವವನ ದನಿ ತಗ್ಗುತ್ತದೆ.

ಈ ವಿದ್ಯೆ ನಡೆಯದೆ ಹೋದದ್ದು ಉಡಿಗಾಲದ ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಅವಳಿಗೆ ಕೊಟ್ಟ ಹಿಂದಿನ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆ. ಸಂದಿಗೆ ಬೆರಳಿಟ್ಟರೆ ಗಾರೆ ರವೆಯ ಹಾಗೆ ಉದುರಿತು. ಮೇಸ್ತ್ರಿಯನ್ನು ಕರೆಸಿ ಎಂದೆ.

"ಬಸುರಿ ಹೆಂಗ್ಸು ಇರೋ ಮನೇಲಿ ಗೋಡೆಗೆ ಸುತ್ತಿಗೆ ತಾಗಿಸ್ತಾರೇನಪ್ಪ?" ಎಂದರು ಭಾವ. "ಹೆರಿಗೆ ಆಗ್ಲಿ ಬುಡು."

ನಮ್ಮವರಲ್ಲಿ ಬಸುರಿ ಇರುವ ಮನೆಯಲ್ಲಿ ಮೊಳೆ ಕೂಡ ಹೊಡೆಯುವುದಿಲ್ಲ. ಗುಂಡ್ಲುಪೇಟೆಗೆ ವಾಪಸಾದೆ. ಹೆರಿಗೆಯಾಯಿತು, ಹೆಣ್ಣು ಮಗು. ಆಮೇಲೆ ಶುರುವಾಯಿತು ಬಾಣಂತಿಯ ನೀರು. ತಾಯಿಗೆ ಹಂಡೆ ಹಂಡೆ ಬಿಸಿನೀರು, ಮಗುವಿಗೆ ಬೇರೆ. ಗೋಡೆ ಅಷ್ಟನ್ನೂ ಬುಡದಿಂದ ಹೀರಿಕೊಂಡಿತು. ನಾನು ಮಗು ನೋಡಲು ಹೋದಾಗ, ಬರುವ ನೆಂಟರ ಕಣ್ಣಿಗೆ ಚೆಂದ ಕಾಣಲೆಂದು ಭಾವ ಅದಕ್ಕೆ ತಿಳಿಗುಲಾಬಿ ಬಣ್ಣ ಬಳಿಸಿದ್ದರು. ಬಣ್ಣದ ಅಡಿಯಿಂದಲೇ ಬಿರುಕು ಇಣುಕುತ್ತಿತ್ತು. ಆ ಗೋಡೆಗೆ ಒತ್ತಿಕೊಂಡೇ ಮಂಚ. ಮಂಚದಲ್ಲಿ ಕೂಸು.

ಸುತ್ತಿಗೆ ಬೇಡವಾದರೆ ಬೇಡ. ಗೋಡೆ ಒಣಗಿದ್ದ ಕಡೆ, ಬಿರುಕಿಗೆ ಅಡ್ಡಲಾಗಿ, ಗಂಜಿ ಹಚ್ಚಿ ಪೇಪರಿನ ಪಟ್ಟಿ ಅಂಟಿಸಿದೆ. ಗೋಡೆ ಕದಲಿದರೆ ಪಟ್ಟಿ ಹರಿಯುತ್ತದೆ. ಮುಂದಿನ ವಾರ ಹೋಗಿ ನೋಡಿದರೆ ಸರಿಯಾಗಿ ನಡುವೆ ಹರಿದಿತ್ತು.

"ಹಲ್ಲಿ ಹರಿದಿರಬೇಕು," ಎಂದರು ಭಾವ.

"ಹಲ್ಲಿಗೆ ಪೇಪರ್ ಓದೋ ಚಟ ಯಾವಾಗ ಬಂತು ಭಾವ?"

"ನಿಂದು ಯಾಪಾರದ ಬುದ್ಧಿ ಕಣ್ಲಾ. ಕಂಡೋರ ಮನೇಲಿ ಊನ ಹುಡುಕಿ ಹುಡುಕಿ ಈಗ ನನ್ ಮನೆಗೂ ಬಂದೆ."

ಮಂಚವನ್ನಾದರೂ ಮುಂದಿನ ಕೋಣೆಗೆ ಹಾಕಿಸಿ ಎಂದು ಬೇಡಿದೆ. ಅಲ್ಲಿ ಗಾಳಿ ಎಂದಳು ಅಕ್ಕ. ಅಲ್ಲಿ ಟೀವಿ ಇದೆ ಎಂದರು ಭಾವ. ಹೊರಗೆ ಮೋಡ ಕಟ್ಟುತ್ತಿತ್ತು. ತಲೆ ಚಚ್ಚಿಕೊಳ್ಳೋಣವೆಂದರೆ ಆ ಗೋಡೆ ಅದನ್ನೂ ತಡೆಯುವ ಹಾಗಿರಲಿಲ್ಲ.

ಕೊನೆಗೆ ಆ ವ್ಯಾಪಾರದ ಬುದ್ಧಿಯನ್ನೇ ಹಿಡಿದೆ. ಹೆಸರಿಡುವ ದಿನ ತೊಟ್ಟಿಲು ತರಬೇಕಾದವನು ಮಗುವಿನ ಸೋದರಮಾವ. ಅಕ್ಕನಿಗೆ ಗಂಡುಮಕ್ಕಳಿಲ್ಲದ್ದರಿಂದ ಆ ಪಾಲು ನನಗೆ ಬಂದಿತ್ತು.

"ತೊಟ್ಲು ತತ್ತೀನಿ ಭಾವ. ಆದ್ರೆ ಮುಂದಿನ ರೂಮಿನ ತೊಲೆಗೇ ಕಟ್ಟದು. ಈ ರೂಮಿಗೆ ಅಂದ್ರೆ ತರಕ್ಕಿಲ್ಲ."

ಭಾವ ಅಕ್ಕನ ಕಡೆ ತಿರುಗಿದರು. "ನೋಡು ನಿನ್ ತಮ್ಮನ್ನ. ತೊಟ್ಲಿಗೂ ಕರಾರು ಹಾಕ್ತಾ ಅವ್ನೆ."

"ಅವ್ನು ಒಂದು ಹಿಡಿದ್ರೆ ಬುಡಕ್ಕಿಲ್ಲ," ಎಂದಳು ಅಕ್ಕ. "ತೊಟ್ಲಿಲ್ದೆ ಊರೋರ ಮುಂದೆ ಹೆಸ್ರು ಇಡಕ್ಕಾದದ? ಒಪ್ಕೊಳಿ ಅತ್ಲಾಗಿ."

ತೊಟ್ಟಿಲನ್ನು ಮುಂದಿನ ಕೋಣೆಯಲ್ಲಿ ಕಟ್ಟಿದ್ದಾಯಿತು. ಮಗು ಇದ್ದಲ್ಲಿಗೆ ತಾಯಿ, ತಾಯಿ ಇದ್ದಲ್ಲಿಗೆ ಮಂಚ. ಟೀವಿ ಹಿಂದಿನ ಕೋಣೆಗೆ ಹೋಯಿತು. ಅದೊಂದು ಸಿಟ್ಟಿಗೆ ಭಾವ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ಜಡಿಮಳೆ ಬಿಡದೆ ಸುರಿದ ಒಂದು ಬೆಳಿಗ್ಗೆ ಅಕ್ಕನ ಮಗಳ ಫೋನ್ ಬಂತು. "ಮಾವ, ಕೂಸು ಮಲಗ್ಯದೆ. ನಾವೆಲ್ಲ ಚೆಂದಾಗಿವಿ. ಗೋಡೆ ಬಿತ್ತು."

ಹೋಗಿ ನೋಡಿದೆ. ಬುಡ ಸಡಿಲಿ ಗೋಡೆಯ ನಡುಭಾಗವೆಲ್ಲ ಮಂಚ ಇದ್ದ ಜಾಗಕ್ಕೇ ಕುಸಿದಿತ್ತು. ಟೀವಿ ಮಣ್ಣಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳ ನನ್ನ ಬಾಯಲ್ಲಿತ್ತು. ಭಾವ ಅದಕ್ಕೂ ಮೊದಲೇ ಮಾತಾಡಿದರು.

"ಬಾಣಂತಿ ಕೂಸು ಇರೋ ಮನೇಲಿ ದಡಬಡ ಸದ್ದು ಬ್ಯಾಡ. ಮೂರು ತಿಂಗ್ಳು ತುಂಬ್ಲಿ. ಅಲ್ಲೀಗಂಟ ಟಾರ್ಪಾಲ್ ಕಟ್ಟನ."

ಇಂಥವರ ಜೊತೆ ಯಾರು ಏನು ಚೌಕಾಸಿ ಮಾಡುವುದು? ಅಷ್ಟರಲ್ಲಿ ಮುಂದಿನ ಕೋಣೆಯಿಂದ ಅಕ್ಕನ ಮಗಳ ದನಿ ಬಂತು.

"ಅಪ್ಪ, ಆ ಕಂಡೀಲಿ ಚಳಿ ನುಗ್ತಾ ಅದೆ. ಸದ್ದಾದ್ರೆ ಕೂಸು ಎದ್ದು ಅತ್ತು ಮತ್ತೆ ಮಲಗ್ಕತದೆ. ಶೀತ ಎದೇಗೆ ಇಳಿದ್ರೆ ಏನ್ ಮಾಡೀಯೆ? ಮೇಸ್ತ್ರಿಗೆ ಫೋನ್ ಮಾಡು."

ಭಾವ ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಫೋನ್ ತೆಗೆದು ನಂಬರ್ ಒತ್ತಿಕೊಡು ಎಂದು ನನ್ನ ಕಡೆ ಚಾಚಿದರು. ಒತ್ತಿಕೊಟ್ಟೆ. ಮೊದಲು ಬಚ್ಚಲ ನೀರು ಹೊರಗೆ ಹೋಗುವುದಕ್ಕೆ ಪೈಪು, ಆಮೇಲೆ ಇಟ್ಟಿಗೆ ಎಂದು ಪಕ್ಕದಿಂದ ಹೇಳುತ್ತಲೇ ಇದ್ದೆ. ಸುಮ್ಮನಿರು ಎಂಬಂತೆ ಕೈ ಆಡಿಸಿ, ಅವರು ಫೋನಿಗೆ ಹೇಳಿದರು:

"ಇವತ್ತೇ ಬಂದ್ಬುಡಪ್ಪ. ಮನೇಲಿ ಕೂಸದೆ."