ಕತ್ತರಿಯಕ್ಕ ನೀರಿಗಿಳಿದದ್ದು

ಐವತ್ತೆಂಟು ತುಂಬಿದ ವರ್ಷ ಕತ್ತರಿಯಕ್ಕನಿಗೆ ಎರಡು ಹುಚ್ಚು ಒಟ್ಟಿಗೇ ಹಿಡಿದವು. ಒಂದು ದೋಣಿಯದು, ಇನ್ನೊಂದು ಹವಳದ್ದು. ಎರಡೂ ನೀರಿನವೇ, ದುಡ್ಡು ನುಂಗುವುದರಲ್ಲಿ ಒಂದಕ್ಕಿಂತ ಒಂದು ಜೋರು. ಅದುವರೆಗೆ ಆಕೆ ತನಗೆಂದು ಏನನ್ನಾದರೂ ಬಯಸಿದ್ದು ಯಾರ ನೆನಪಿನಲ್ಲೂ ಇಲ್ಲ. ಮೂವತ್ತೈದು ವರ್ಷ ಹೆಂಗಸರ ಕೂದಲು ಕತ್ತರಿಸಿ, ತೊಳೆದು, ಸುರುಳಿ ಸುತ್ತಿ, ಒಣಗಿಸಿ ಕಳಿಸಿದವಳು. ಊರೆಲ್ಲ ಕರೆಯುತ್ತಿದ್ದುದು ಕತ್ತರಿಯಕ್ಕ ಎಂದೇ. ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ.

ಆಕೆಯ ಪಾರ್ಲರಿನ ಹಿಂದಿನ ಕೋಣೆಯನ್ನು ಪಕ್ಕದ ಕನ್ನಡಕದಂಗಡಿಯವನು ಕೊಂಡುಕೊಂಡಾಗ ಕೈಗೆ ಒಂದು ಗಂಟು ಬಂತು. ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತನಾದವನು, ಮಾತು ಕಮ್ಮಿ. ಅವತ್ತು ಮಾತ್ರ ಟೀ ಲೋಟ ಕೆಳಗಿಟ್ಟು ಹೇಳಿದ: "ಇದು ನಿನ್ನ ದುಡ್ಡು ಕಣೇ. ಮನೆಗೆ ಅಂತ ಒಂದು ಕಾಸೂ ತೆಗೀಬೇಡ. ನಿಂಗೇನ್ ಆಸೆಯೋ ಅದನ್ನ ಮಾಡ್ಕೋ. ಆದ್ರೆ ಒಂದೇ. ಎರಡಕ್ಕೆ ಸಾಲಲ್ಲ."

ಅಷ್ಟು ಹೇಳಿದ್ದೇ ತಪ್ಪಾಯಿತು. ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೋಣಿಯ ಹುಳ ಬಿಟ್ಟವಳು ಸೀಟಿ ಟೀಚರು. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದ ಆಕೆ ನಿವೃತ್ತಳಾಗಿ ಆರು ವರ್ಷವಾಗಿದ್ದರೂ ಕೊರಳಿನ ಸೀಟಿ ತೆಗೆದಿರಲಿಲ್ಲ. ತಲೆ ತೊಳೆಸಿಕೊಳ್ಳಲು ಬೇಸಿನ್ನಿಗೆ ಕತ್ತು ಚಾಚಿದಾಗಲೂ ಅದು ಎದೆಯ ಮೇಲೆ ಟಣಕ್ಕೆಂದು ಕೂತಿರುತ್ತಿತ್ತು. ಊರಾಚೆಯ ದೊಡ್ಡ ಕೆರೆಯಲ್ಲಿ ಆಕೆಯದೊಂದು ಪುಟ್ಟ ಹಾಯಿದೋಣಿ. ಈಗ ಇನ್ನೂ ದೊಡ್ಡದನ್ನು ತರಿಸಿದ್ದಳು, ಹಳೆಯದನ್ನು ಮಾರಬೇಕಿತ್ತು.

ಹವಳದ ಹುಳ ಬಿಟ್ಟವರು ಹಲ್ಲಿನ ಡಾಕ್ಟರು. ಅವರ ಹೆಂಡತಿ ಕಾಲು ಮುರಿದುಕೊಂಡಿದ್ದಾಗ ಕತ್ತರಿಯಕ್ಕ ಅವರ ಮನೆಗೇ ಹೋಗಿ ಕೂದಲು ಕತ್ತರಿಸಿದ್ದಳು. ಬೇರೆಯವರ ಮನೆಯಲ್ಲಿ ಸೋಫಾ ಇರುವ ಜಾಗದಲ್ಲಿ ಅಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಉಪ್ಪುನೀರು, ನೀಲಿ ಬೆಳಕು, ಒಳಗೆ ಗುಲಾಬಿ, ಹಸಿರು, ಕೆನ್ನೇರಳೆ ಬಣ್ಣದ ಜೀವಂತ ಹವಳಗಳು ಉಸಿರಾಡುತ್ತ ಕೂತಿದ್ದವು, ನಡುನಡುವೆ ಮೀನುಗಳು. ಒಂದು ಜಾತಿಯದಂತೂ ಸಾವಿರ ಪುಟ್ಟ ಅಂಗೈಗಳನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಮಾಡುತ್ತಿತ್ತು. ಕತ್ತರಿಯಕ್ಕ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಮುಕ್ಕಾಲು ಗಂಟೆ ನಿಂತುಬಿಟ್ಟಳು. ಡಾಕ್ಟರ ಹೆಂಡತಿಯ ತಲೆ ಅರ್ಧ ಕತ್ತರಿಸಿದ ಹಾಗೇ ಇತ್ತು. ಡಾಕ್ಟರಿಗೆ ಕೈ ನಡುಗುವ ಕಾಯಿಲೆ. ಅದರಿಂದಲೇ ಕ್ಲಿನಿಕ್ ಮುಚ್ಚಿದ್ದರು. ಈಗ ತೊಟ್ಟಿಯನ್ನೂ ಯಾರಿಗಾದರೂ ಮಾರಿಬಿಡಬೇಕೆಂದಿದ್ದರು.

ಇಬ್ಬರೂ ಹೇಳಿದ್ದು ಒಂದೇ ಮಾತು: ಭಾನುವಾರದೊಳಗೆ ತಿಳಿಸಿ, ಇಲ್ಲದಿದ್ದರೆ ಬೇರೆಯವರಿಗೆ.

ಪಾರ್ಲರಿನಲ್ಲಿ ಎರಡು ಪಕ್ಷಗಳಾದವು. ತಲೆ ತೊಳೆಯುವ ಕೆಲಸ ನಾದಿನಿಯದು. ಅವಳು ಹವಳದ ಪಕ್ಷ.

"ಅತ್ತಿಗೆ, ದೋಣಿ ಹತ್ತಿ ಎಲ್ಲಿಗ್ ಹೋಗ್ತೀರಿ? ಕೆರೆ ಆ ಕಡೆ ದಡಕ್ಕೆ. ಅಲ್ಲೇನಿದೆ? ಅಲ್ಲಿಂದ ಈ ಕಡೆ ದಡ ಕಾಣತ್ತೆ. ಮತ್ತೆ ವಾಪಸ್ ಬರೋದು!"

ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಬ್ಯಾಂಕಿನಾಕೆ ಬಿಟ್ಟಾಳೆಯೇ? "ಮೀನು ಮಾತ್ರ ಎಲ್ಲಿಗ್ ಹೋಗತ್ತಮ್ಮಾ? ಆ ಗಾಜಿಗೆ ಹೋಗತ್ತೆ, ಈ ಗಾಜಿಗೆ ಬರತ್ತೆ!"

"ಮೀನು ಹೋದ್ರೆ ಒದ್ದೆಯಾಗೋದು ಮೀನು. ಅತ್ತಿಗೆ ಹೋದ್ರೆ ಒದ್ದೆ ಬಟ್ಟೆ ಒಗಿಯೋರು ಯಾರು?"

"ನಿಮ್ಮಣ್ಣ!"

ಡ್ರೈಯರಿನ ಕೆಳಗಿದ್ದವರಿಗೆ ಏನೂ ಕೇಳಿಸದಿದ್ದರೂ ಎಲ್ಲರೂ ನಗುವುದನ್ನು ನೋಡಿ ಅವರೂ ನಕ್ಕರು. ಈ ಗಲಾಟೆಯಲ್ಲಿ ಬ್ಯಾಂಕಿನಾಕೆಯ ತಲೆಯ ಬಣ್ಣ ಹತ್ತು ನಿಮಿಷ ಹೆಚ್ಚಿಗೆ ಕೂತು ಬದನೆಕಾಯಿಯಾಯಿತು. ಕತ್ತರಿಯಕ್ಕನ ಜೀವ ಬಾಯಿಗೆ ಬಂತು. ಬ್ಯಾಂಕಿನಾಕೆ ಮಾತ್ರ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, "ಬಿಡಿ ಅಕ್ಕ, ಮ್ಯಾನೇಜರ್ ಹೆದರ್ಕೊಳ್ಳಲಿ" ಎಂದಳು.

ಸೋಮವಾರ ಪಾರ್ಲರಿಗೆ ರಜೆ. ಅವತ್ತು ಸೀಟಿ ಟೀಚರು ಗಂಡ ಹೆಂಡತಿ ಇಬ್ಬರನ್ನೂ ಕೆರೆಗೆ ಕರೆದೊಯ್ದಳು. ಗಂಡನಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದಾಗ ಕತ್ತು ಎಲ್ಲಿಹೋಯಿತೋ, ಮುಖ ಮಾತ್ರ ಮೇಲೆ ಉಳಿಯಿತು. ದೋಣಿ ಗಾಳಿಗೆ ಸಿಕ್ಕಿದ ಕೂಡಲೇ ಹಾಯಿ ಪಟಾರನೆ ಉಬ್ಬಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಕತ್ತರಿಯಕ್ಕನ ಕಿವಿಯ ಪಕ್ಕದಲ್ಲೇ ನೀರು ಸರಸರ ಓಡಿತು. ಆಕೆ "ಅಯ್ಯಯ್ಯೋ" ಎಂದು ಕೂಗಿದಳು. ಕೂಗು ಅರ್ಧದಲ್ಲೇ ನಗೆಯಾಯಿತು. ನಗೆ ನಿಲ್ಲಲೇ ಇಲ್ಲ.

"ಚುಕ್ಕಾಣಿ ಹಿಡ್ಕೊಳ್ಳಿ!" ಟೀಚರು ಸೀಟಿ ಊದಿದಳು. "ಎಡಕ್ಕೆ ಹೋಗ್ಬೇಕಾದ್ರೆ ಬಲಕ್ಕೆ ತಳ್ಳಿ. ಬಲಕ್ಕೆ ಹೋಗ್ಬೇಕಾದ್ರೆ ಎಡಕ್ಕೆ."

ಮೂವತ್ತೈದು ವರ್ಷ ಕನ್ನಡಿ ನೋಡಿಕೊಂಡು ಕೆಲಸ ಮಾಡಿದವಳಿಗೆ ಎಡಬಲ ತಿರುಚುವುದು ಏನು ಮಹಾ ಎಂದುಕೊಂಡಳು ಕತ್ತರಿಯಕ್ಕ. ತಳ್ಳಿದಳು. ದೋಣಿ ಸೀದಾ ಬಾತುಕೋಳಿಗಳ ಹಿಂಡಿನೊಳಕ್ಕೆ ನುಗ್ಗಿತು. ಬಾತುಕೋಳಿಗಳು ಬೈಯುತ್ತ ಎದ್ದವು. ಟೀಚರು ಸೀಟಿ ಊದಿದಳು. ಗಂಡ ದೋಣಿಯ ಅಂಚಿಗೆ ಬಾಯಿಯಿಟ್ಟು ಬೆಳಗಿನ ತಿಂಡಿಯನ್ನು ಕೆರೆಗೆ ಕೊಟ್ಟ.

"ನಗ್ತೀಯಲ್ಲೇ, ರಾಕ್ಷಸಿ" ಎಂದ, ಒರೆಸಿಕೊಳ್ಳುತ್ತ.

"ನಿಮ್ಮನ್ನ ನೋಡಿ ಅಲ್ಲ ರೀ, ನಗು ತಾನೇ ಬರ್ತಾ ಇದೆ!" ಎಂದು ಆಕೆ ಹೊಟ್ಟೆ ಹಿಡಿದುಕೊಂಡಳು.

ಮಂಗಳವಾರ ಪಾರ್ಲರಿನ ನೆಲ ಆಕೆಯ ಕಾಲಡಿಯಲ್ಲಿ ಇನ್ನೂ ತೂಗುತ್ತಿತ್ತು. ಬಾಚಣಿಗೆ ಹಿಡಿದು ಸುಮ್ಮನೆ ಕಿಸಕ್ಕೆನ್ನುತ್ತಿದ್ದಳು. ಗಿರಾಕಿಗಳು ತಮ್ಮ ತಲೆಯಲ್ಲಿ ಏನು ಕಂಡಳೋ ಎಂದು ಗಾಬರಿಯಾದರು.

ಆದರೆ ಗುರುವಾರ ಡಾಕ್ಟರ ಮನೆಯಿಂದ ಫೋನು ಬಂತು. ತೊಟ್ಟಿಯೊಳಗೆ ಒಂದು ಹವಳ ಊಟದ ತಟ್ಟೆಯಷ್ಟಾಗಿ ಬೆಳೆದು ಉಳಿದವಕ್ಕೆ ಬೆಳಕು ಬೀಳದಂತೆ ಮಾಡಿತ್ತು. ಕತ್ತರಿಸಬೇಕು. ಡಾಕ್ಟರ ಕೈಯಲ್ಲಿ ಆಗದು.

"ಹವಳಾನ ಕತ್ತರಿಸೋದಾ? ಕಲ್ಲಲ್ವಾ ಅದು?" ಎಂದಳು ಕತ್ತರಿಯಕ್ಕ.

"ಕೆಲವು ಕಲ್ಲು, ಕೆಲವು ಮೆತ್ತಗೆ. ಇದು ಚರ್ಮದ ಥರ. ಕತ್ತರಿಸಿದ ತುಂಡು ಒಂದೊಂದೂ ಬೇರೆ ಹವಳ ಆಗತ್ತೆ. ನೀವು ಬನ್ನಿಯಮ್ಮ, ನಿಮ್ಮ ಕೈ ನೋಡಿದೀನಿ."

ಗಂಡನೂ ಜೊತೆಗೆ ಹೊರಟ. ಆಗಲೇ ತಿಳಿದದ್ದು, ಅವನು ವಾರದಿಂದ ದಿನಾ ಅಲ್ಲಿಗೆ ಹೋಗಿ ಕೂರುತ್ತಿದ್ದನೆಂದು. ಕೆಂಪು ಸೀಗಡಿ ಯಾವ ಬಿಲದಲ್ಲಿದೆ, ಪಟ್ಟೆ ಮೀನು ಯಾವುದರ ಮೇಲೆ ಮುನಿಸಿಕೊಂಡಿದೆ, ಎಲ್ಲ ಅವನ ಬಾಯಲ್ಲಿ. ಕೈಗವಸು ಹಾಕಿಕೊಂಡು ಕತ್ತರಿಯಕ್ಕ ಹವಳವನ್ನು ಹಿಡಿದಳು. ಅದು ಬೆದರಿ ಮುದುಡಿತು. ಡಾಕ್ಟರು ಹಳೆಯ ಅಭ್ಯಾಸದಂತೆ, "ಏನೂ ಆಗಲ್ಲ, ಒಂದೇ ನಿಮಿಷ" ಎಂದು ಹವಳಕ್ಕೆ ಸಮಾಧಾನ ಹೇಳಿದರು. ಕತ್ತರಿ ಆಡಿತು. ಕೂದಲು ಗುಂಗುರು ಮಾಡುವ ಔಷಧಿಗಿಂತ ಕೆಟ್ಟ ವಾಸನೆ ಬಂತು. ಹನ್ನೊಂದು ತುಂಡುಗಳಾದವು. ಅಂಚೆಯವನ ಕೈ ಸುಮ್ಮನಿದ್ದೀತೇ? ಕಾಗದದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಹಾಕಿ ಪಳಗಿದ ಬೆರಳಿನಿಂದ ಗಂಡ ಒಂದೊಂದು ತುಂಡನ್ನೂ ಒಂದೊಂದು ಕಲ್ಲಿಗೆ ಬಿಗಿದ. ಬಿಗಿ ಹೆಚ್ಚಿಲ್ಲ, ಸಡಿಲವೂ ಇಲ್ಲ.

"ಇಂಥ ನಾಲ್ಕು ಕೈ ಇಟ್ಕೊಂಡು ದೋಣಿ ಅಂತೀರಲ್ಲಮ್ಮ!" ಡಾಕ್ಟರು ಹಣೆ ಚಚ್ಚಿಕೊಂಡರು. "ನಂಗೆ ಇನ್ನು ಇದು ನಿಭಾಯಿಸೋಕಾಗಲ್ಲ. ಭಾನುವಾರ ಬನ್ನಿ, ತೊಟ್ಟಿ ನಿಮ್ಮದು."

ಗಂಡನ ಮುಖ ಗಾಜಿನ ಆ ಬದಿಯ ನೀಲಿ ಬೆಳಕಿನಲ್ಲಿ ಮಗುವಿನದಾಗಿತ್ತು. ಕತ್ತರಿಯಕ್ಕ ಅದನ್ನು ನೋಡಿದಳು. ಆಯಿತು, ಹವಳವೇ, ಎಂದು ಮನಸ್ಸಿನಲ್ಲಿ ಮುಗಿಸಿದಳು. ನಾದಿನಿ ಸುದ್ದಿ ಕೇಳಿ ಬೇಸಿನ್ನಿನ ನೀರು ಎರಚಿ ಕುಣಿದಳು. ಬ್ಯಾಂಕಿನಾಕೆ ಮಾತು ಬಿಟ್ಟಳು.

ಭಾನುವಾರ ಸಂಜೆ ಅಂಗಡಿಯಿಂದಲೇ ನೇರವಾಗಿ ಗಂಡ ಹೆಂಡತಿ ಹೋದಾಗ ಹನ್ನೊಂದೂ ತುಂಡುಗಳು ಅರಳಿಕೊಂಡಿದ್ದವು. ಗಂಡ ಗಾಜಿಗೆ ಮೂಗು ಒತ್ತಿ ಎಣಿಸಿದ, ಮತ್ತೆ ಎಣಿಸಿದ. ಕತ್ತರಿಯಕ್ಕನೂ ಬಗ್ಗಿ ನೋಡಿದಳು. ಮೂಲೆಯದು ತಿಂಗಳಲ್ಲಿ ಉದ್ದ ಬಂದೀತು, ಅಂಚು ತೆಗೆಯಬೇಕು. ನಡುವಿನದು ಒತ್ತಾಗಿದೆ, ತೆಳು ಮಾಡಬೇಕು. ಹೀಗೆ ಲೆಕ್ಕ ಹಾಕುತ್ತಿರುವಾಗ ಗಾಜಿನಲ್ಲಿ ತನ್ನದೇ ಬಿಂಬ ಕಂಡಿತು. ಭಾರವೆಲ್ಲ ಬಲಗಾಲಿನ ಮೇಲೆ, ಬಲ ಸೊಂಟ ಹೊರಕ್ಕೆ, ಬಲಗೈಯ ಎರಡು ಬೆರಳು ಕತ್ತರಿಯ ಹಾಗೆ ಮೇಲಕ್ಕೆ. ಪಾರ್ಲರಿನ ಮೊದಲ ಕುರ್ಚಿಯ ಹಿಂದೆ ನಿಲ್ಲುವ ನಿಲುವು ಅದು! ಸೊಂಟದಲ್ಲಿ ಅದೇ ನೋವು, ಅದೇ ಜಾಗದಲ್ಲಿ.

ಆಕೆ ಥಟ್ಟನೆ ನೆಟ್ಟಗೆ ನಿಂತಳು.

"ಡಾಕ್ಟ್ರೇ, ನಂಗೆ ಬೇಡ."

"ಏನು?"

"ತೊಟ್ಟಿ ಬೇಡ. ಇಲ್ಲಿ ನಂಗೆ ಎಲ್ಲಾ ಬರತ್ತೆ. ಕೈ ಹಾಕಿದ ಕೂಡ್ಲೆ ಬಂದ್ಬಿಡತ್ತೆ. ಇದು ಇನ್ನೊಂದು ಅಂಗಡಿ ಅಷ್ಟೇ, ಗಿರಾಕಿಗಳು ಮಾತಾಡಲ್ಲ. ದೋಣೀಲಿ ನಂಗೆ ಏನೂ ಬರಲ್ಲ ನೋಡಿ. ಏನೂ ಬರ್ದೇ ಇರೋದು ಎಷ್ಟು ಚೆನ್ನಾಗಿರತ್ತೆ ಗೊತ್ತಾ ನಿಮಗೆ?"

ಗಂಡ ಗಾಜಿನಿಂದ ಮೂಗು ತೆಗೆದ. ಮೂಗಿನ ಗುರುತು ಅಲ್ಲೇ ಉಳಿಯಿತು.

"ಬೀರು ಸರಿಸಿದ್ದೆ" ಎಂದ ಮೆಲ್ಲಗೆ.

"ಯಾವಾಗ್ರೀ?"

"ಇವತ್ತು. ನೀನು ಅಂಗಡೀಲಿದ್ದಾಗ. ತೊಟ್ಟಿಗೆ ಜಾಗ ಆಗ್ಲಿ ಅಂತ."

ಆ ಬೀರು ಮೂರು ಜನ ಎತ್ತಬೇಕಾದ ಬೀರು. ಬೇಡವೆಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು ಕತ್ತರಿಯಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅದೇ ನಾಲಿಗೆಗೆ ಬೇರೊಂದು ಹೊಳೆಯಿತು.

"ಡಾಕ್ಟ್ರೇ, ನೀವು ಇದನ್ನ ಕೊಡ್ತಿರೋದು ಕತ್ತರಿಸೋಕಾಗಲ್ಲ ಅಂತ ತಾನೇ? ಮನೆಗೆ ಬಂದು ಕಟಿಂಗ್ ಮಾಡೋದು ನಂಗೇನು ಹೊಸದಾ? ತಿಂಗಳಿಗೊಂದು ಸಲ ಬರ್ತೀನಿ. ಅಮ್ಮಾವ್ರ ತಲೆ, ನಿಮ್ಮ ಹವಳ, ಎರಡೂ ಒಂದೇ ದಿನ. ಉಳಿದ ದಿನ ಸಣ್ಣಪುಟ್ಟ ಕೆಲಸಕ್ಕೆ ಇವರಿದಾರೆ. ಹೇಗಿದ್ರೂ ದಿನಾ ಬಂದು ಕೂರ್ತಾರೆ."

ಡಾಕ್ಟರ ಹೆಂಡತಿ ಒಳಗಿನಿಂದ ಕೂಗಿದಳು: "ಮೊದಲು ನನ್ನ ತಲೆ! ಹೋದ ಸಲದ ಹಾಗೆ ಅರ್ಧಕ್ಕೆ ಬಿಡೋದಲ್ಲ!"

ಡಾಕ್ಟರು ನಡುಗುವ ಕೈಯಲ್ಲೇ ಗಂಡನ ಭುಜ ತಟ್ಟಿದರು. "ಹಾಗಾದ್ರೆ ನಾನು ಇದನ್ನ ಮಾರೋದೇ ಬೇಡ್ವಲ್ಲ ಮಾರಾಯರೇ! ನಾಳೆಯಿಂದ ಎಂಟಕ್ಕೇ ಬನ್ನಿ. ಉಪ್ಪು ಕಲಸೋದಿದೆ."

ಗಂಡ ಹೆಂಡತಿಯ ಕಡೆ ತಿರುಗಿದ. "ನಿನ್ನ ದುಡ್ಡು ಅಂದಿದ್ದೆ, ಅಂದ ಮೇಲೆ ಮುಗೀತು. ಆದ್ರೆ ಒಂದು ಹೇಳ್ತೀನಿ ಕೇಳ್ಕೋ. ಆ ದೋಣಿಗೆ ನಾನು ಹತ್ತಲ್ಲ. ತಲೆ ಕೆಳಗಾದ್ರೂ ಹತ್ತಲ್ಲ. ದಡದಲ್ಲಿ ಕೂತಿರ್ತೀನಿ."

"ಕೂತಿರಿ" ಎಂದಳು ಆಕೆ. ಅಂದಳೇ ಹೊರತು ಎದೆಯ ಒಂದು ಮೂಲೆ ಚುಚ್ಚದೆ ಇರಲಿಲ್ಲ. ನಲವತ್ತು ವರ್ಷದಲ್ಲಿ ಒಂದು ಸಿನಿಮಾಕ್ಕೂ ಒಬ್ಬರನ್ನು ಬಿಟ್ಟು ಒಬ್ಬರು ಹೋದವರಲ್ಲ.

ದೋಣಿ ಕೊಂಡ ಮೇಲೆ ನಾಲ್ಕು ಸೋಮವಾರ ಟೀಚರು ಜೊತೆಗೆ ಬಂದು ಸೀಟಿ ಊದಿ ಊದಿ ಕಲಿಸಿದಳು. ಐದನೆಯ ಸೋಮವಾರ, "ಇವತ್ತು ನೀವೊಬ್ಬರೇ" ಎಂದು ದಡದಲ್ಲೇ ನಿಂತಳು. ಗಂಡ ಮಡಚುವ ಕುರ್ಚಿ, ಟೀ ಫ್ಲಾಸ್ಕು, ಒಣ ಟವೆಲ್ಲು ಎಲ್ಲ ಸಜ್ಜಾಗಿಟ್ಟುಕೊಂಡು ಕೂತಿದ್ದ. ಕತ್ತರಿಯಕ್ಕ ಗಂಭೀರವಾಗಿ ಹಾಯಿ ಏರಿಸಿದಳು, ಗಂಭೀರವಾಗಿ ಚುಕ್ಕಾಣಿ ತಳ್ಳಿದಳು, ದಡದಿಂದ ಹದಿನೈದು ಮಾರು ಹೋಗಿ ಕೆಸರಿನಲ್ಲಿ ಪಚಕ್ಕನೆ ಕೂತಳು.

"ಇಳಿದು ತಳ್ಳಿ!" ಟೀಚರು ಕೂಗಿದಳು.

"ಇಳಿದ್ರೆ ದೋಣಿ ನನ್ನ ಬಿಟ್ಟು ಹೋದ್ರೆ?"

ಗಂಡ ಎದ್ದ. ಕೂತ. ಮತ್ತೆ ಎದ್ದ. ಪ್ಯಾಂಟು ಮಂಡಿವರೆಗೆ ಮಡಚಿ, ಚಪ್ಪಲಿಯನ್ನು ಕುರ್ಚಿಯ ಮೇಲೆ ಜೋಡಿಸಿಟ್ಟು, ಬೈಯುತ್ತ ನೀರಿಗಿಳಿದ. ಟೀಚರು ಓಡಿಬಂದು ಬಲವಂತದಿಂದ ಲೈಫ್ ಜಾಕೆಟ್ ಏರಿಸಿದಳು. ಮತ್ತೆ ಕತ್ತು ಮಾಯವಾಯಿತು. ತೊಡೆಯವರೆಗಿನ ನೀರಿನಲ್ಲಿ ಹೋಗಿ ದೋಣಿಯ ಹಿಂಬದಿಗೆ ಹೊಟ್ಟೆ ಕೊಟ್ಟು ತಳ್ಳಿದ. ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದ. ಸರಿಯಾಗಿ ಅದೇ ಗಳಿಗೆಗೆ ಗಾಳಿ ಬೀಸಿ ಹಾಯಿ ಪಟಾರೆಂದಿತು. ದೋಣಿ ಕೆಸರು ಬಿಟ್ಟು ಚಂಗನೆ ಹಾರಿತು. ಗಂಡನ ಹೊಟ್ಟೆ ದೋಣಿಯ ಅಂಚಿನ ಮೇಲೆಯೇ ಉಳಿಯಿತು, ಕಾಲೆರಡೂ ಹೊರಗೆ ನೀರು ಸೀಳುತ್ತ ಬಂದವು.

"ನಿಲ್ಸೇ!"

"ನಿಲ್ಸೋದು ಇನ್ನೂ ಹೇಳ್ಕೊಟ್ಟಿಲ್ಲ ರೀ!"

ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಗಂಡನ ಜಾಕೆಟ್ಟಿನ ಪಟ್ಟಿ ಹಿಡಿದು ಆಕೆ ಎಳೆದಳು. ಅವನು ತಲೆ ಕೆಳಗಾಗಿಯೇ ದೋಣಿಯೊಳಕ್ಕೆ ಬಿದ್ದ. ಎದ್ದು ಕೂತು ಬಾಯಿ ತೆರೆದ. ವಾಂತಿ ಬರುತ್ತದೋ ಏನೋ ಎಂದು ಇಬ್ಬರೂ ಕಾದರು. ಬಂದದ್ದು ನಗು. ದಡದಲ್ಲಿ ಸೀಟಿ ಒಂದೇ ಸಮನೆ ಕೂಗುತ್ತಿತ್ತು, ಕುರ್ಚಿ ಸಣ್ಣದಾಗುತ್ತಿತ್ತು, ಅದರ ಮೇಲೆ ಒಂದು ಜೊತೆ ಚಪ್ಪಲಿ.

"ಎಲ್ಲಿಗ್ ಹೋಗ್ತಿದೀವೇ?" ಎಂದ ಗಂಡ, ಕಣ್ಣೊರೆಸಿಕೊಳ್ಳುತ್ತ.

"ನಂಗೇನ್ ಗೊತ್ತು ರೀ!" ಎಂದಳು ಕತ್ತರಿಯಕ್ಕ.