ಮಹಾನವಮಿಗೆ ಆರಿಸಿದ ಕಂಪ್ಯೂಟರ್

ನನ್ನ ಮನೆಯ ಕಂಪ್ಯೂಟರಿಗೆ ಒಂದು ಕೆಟ್ಟ ಚಟವಿತ್ತು. ಒಮ್ಮೆ ಆರಿಸಿದರೆ ಮತ್ತೆ ಏಳಲು ಹಟ ಮಾಡುತ್ತಿತ್ತು. ಪರದೆಯ ಮೇಲೆ ಸಣ್ಣ ಬಿಳಿ ಚುಕ್ಕಿಗಳು ನಾಲ್ಕು ಸುತ್ತು ತಿರುಗಿ ಅಲ್ಲೇ ನಿಂತುಬಿಡುತ್ತಿದ್ದವು. ಮೌಸ್ ಅಲುಗಾಡಿಸಿದರೂ ಇಲ್ಲ, ಕೀಲಿಮಣೆ ಕುಟ್ಟಿದರೂ ಇಲ್ಲ. ಆಗ ಗುಂಡಿಯನ್ನು ಒತ್ತಿ ಹಿಡಿದು ಅದರ ಜೀವ ತೆಗೆಯಬೇಕು, ಹಿಂದಿನ ವೈರು ಕೀಳಬೇಕು, ಒಂದು ಚಹಾ ಕುಡಿದು ಬಂದು ಮತ್ತೆ ಹಚ್ಚಬೇಕು. ಎರಡನೆಯ ಸಲಕ್ಕೆ ಎದ್ದರೆ ನನ್ನ ಪುಣ್ಯ. ಕೆಲವು ದಿನ ಐದನೆಯ ಸಲಕ್ಕೂ ಏಳುತ್ತಿರಲಿಲ್ಲ. ಅದಕ್ಕೆ ಬೈದಷ್ಟು ಮನುಷ್ಯರಿಗೆ ಬೈದಿದ್ದರೆ ಬೆಟಗೇರಿಯಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಗದಗಿನ ರಿಪೇರಿಯವರು ಮಳೆಗಾಲಕ್ಕೆ ಮೊದಲೇ ಒಮ್ಮೆ ಬಂದು ನೋಡಿದ್ದರು. "ಡಿಸ್ಕ್ ದಣದೈತ್ರಿ. ಒಳಗ ಇದ್ದದ್ದೆಲ್ಲಾ ಬ್ಯಾರೆ ಕಡೆ ತಗದಿಟ್ಕೊಂಡು ಹೊಸಾದು ಹಾಕ್ಸಿಬಿಡ್ರಿ. ತಡಾ ಮಾಡಬ್ಯಾಡ್ರಿ" ಎಂದಿದ್ದರು. ನಾನು ಹೂಂ ಎಂದೆ. ಹೂಂ ಎನ್ನುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಆಮೇಲೆ ಅವರು ಹೇಳಿದ್ದನ್ನು ಬಿಟ್ಟು ನನ್ನದೇ ಉಪಾಯ ಮಾಡಿದೆ: ಕಂಪ್ಯೂಟರನ್ನು ಆರಿಸುವುದೇ ಬೇಡ. ಕರೆಂಟು ಹೋದರೂ ನಡೆಯುವಂತೆ ಇನ್ವರ್ಟರ್ ಕೂಡಿಸಿ, ಕೆಲಸ ಮುಗಿದ ಮೇಲೆ ಪರದೆ ಮಾತ್ರ ಬಂದ್ ಮಾಡುತ್ತಿದ್ದೆ. ಒಳಗಿನ ಫ್ಯಾನು ಗುಂಯ್ ಎಂದು ತಿರುಗುತ್ತಲೇ ಇರುತ್ತಿತ್ತು. ನಾಲ್ಕು ತಿಂಗಳು ಹಾಗೇ ನಡೆಯಿತು. ಭಾರೀ ಶಾಣ್ಯಾ ಎಂದುಕೊಂಡಿದ್ದೆ ನನ್ನನ್ನು ನಾನು.

ನನ್ನ ಕೆಲಸ ಪಡಸಾಲೆಯಲ್ಲೇ. ಮದುವೆ ಕಾರ್ಡು ಮಾಡುತ್ತೇನೆ, ಅದಕ್ಕಿಂತ ಹೆಚ್ಚಾಗಿ ಸತ್ತವರ ಫೋಟೋ ಮಾಡುತ್ತೇನೆ. ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರದಿಂದಲೂ ಜನ ಬರುತ್ತಾರೆ. ಯಾವುದೋ ಸೀಮಂತದಲ್ಲಿ, ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋ ತರುತ್ತಾರೆ. ಅದರಲ್ಲಿ ಒಂದು ಮುಖ ಕತ್ತರಿಸಿ, ಸುತ್ತಲಿನದೆಲ್ಲ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡಬೇಕು. ಸತ್ತವರ ಹೆಗಲ ಮೇಲಿರುವ ಬೇರೆಯವರ ಕೈ ತೆಗೆಯುವುದರಲ್ಲಿ ನಾನು ಪಳಗಿದ್ದೇನೆ.

ಹಿಂದಿನ ವರ್ಷ ಮಲ್ಲಸಮುದ್ರದ ಗಂಡ ಹೆಂಡತಿ ಬಂದಿದ್ದರು. ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಮೊಬೈಲಿನಲ್ಲಿದ್ದ ಒಂದು ಫೋಟೋ ಆರಿಸಿ ದೊಡ್ಡದು ಮಾಡಲು ಹೇಳಿದರು. ನಾನು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೆಲಸ ಮುಗಿಸಿದೆ. ಆದರೆ ಒಯ್ಯಲು ಯಾರೂ ಬರಲಿಲ್ಲ. ಸಣ್ಣ ಮಕ್ಕಳ ಫೋಟೋ ಗೋಡೆಗೆ ಹಾಕಬಾರದು ಎಂದು ಅವರ ಮನೆಯ ಹಿರಿಯರು ಬೇಡ ಅಂದಿದ್ದರಂತೆ. ಹೆಂಡತಿ ಮೊಬೈಲು ಹಿಡಿದು ಅಳುತ್ತಾ ಕೂರುತ್ತಾಳೆಂದು ಗಂಡ ಅದರಲ್ಲಿದ್ದ ಮಗಳ ಫೋಟೋಗಳನ್ನೆಲ್ಲ ಅಳಿಸಿಯೂ ಬಿಟ್ಟಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಈ ವರ್ಷ, ದಸರೆಯ ಹಿಂದಿನ ವಾರ, ಆ ತಾಯಿ ಒಬ್ಬಳೇ ಬಂದಾಗ.

"ಅಣ್ಣಾರ, ಆ ಫೋಟೋ ನಿಮ್ಮ ಹಂತ್ಯಾಕ ಇನ್ನೂ ಐತೇನ್ರಿ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. "ಬ್ಯಾರೆ ಎಲ್ಲೂ ಉಳದಿಲ್ರಿ. ಬೀಗರ ಮೊಬೈಲ್‌ನ್ಯಾಗೂ ಹುಡುಕಿಸಿದೆ. ಸಣ್ಣದೊಂದು ಮಾಡಿಕೊಡ್ರಿ, ಟ್ರಂಕಿನ ತಳಕ್ಕ ಇಟ್ಕೋತೀನಿ. ಯಾರಿಗೂ ತೋರ್ಸಂಗಿಲ್ಲ."

ಕುಳಿತ ಜಾಗದಿಂದಲೇ ತೆಗೆದು ಕೊಡಬಹುದಿತ್ತು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಆದರೆ ಹಬ್ಬದ ಬ್ಯಾನರುಗಳ ಗಡಿಬಿಡಿ ತಲೆಯ ಮೇಲಿತ್ತು. "ಐತ್ರಿ ಅಕ್ಕಾರ, ಎಲ್ಲಿ ಹೊಕ್ಕೈತಿ? ಹಬ್ಬ ಮುಗಿಸಿ ಬರ್ರಿ, ಆರಾಮಾಗಿ ಮಾಡಿಕೊಡ್ತೀನಿ" ಎಂದೆ. ಐತಿ ಎಂದದ್ದೇ ಅವಳಿಗೆ ಸಾಕಾಗಿತ್ತು. ಕೈ ಮುಗಿದು ಹೋದಳು.

ಮಹಾನವಮಿಯ ದಿನ ನಮ್ಮಲ್ಲಿ ಹತಾರಗಳ ಪೂಜೆ. ಅಪ್ಪ ಇದ್ದಾಗ ಮಗ್ಗಕ್ಕೆ ಪೂಜೆ ಆಗುತ್ತಿತ್ತು. ಪೂಜೆಗೆ ಕೂಡಿಸಿದ ಮಗ್ಗವನ್ನು ಮರುದಿನದವರೆಗೆ ಮುಟ್ಟುವಂತಿರಲಿಲ್ಲ. ಮಗ್ಗ ಹೋಗಿ ಕಂಪ್ಯೂಟರ್ ಬಂದ ಮೇಲೆ ಅವ್ವ ಆ ಮರ್ಯಾದೆಯನ್ನೆಲ್ಲ ಇದಕ್ಕೆ ವರ್ಗ ಮಾಡಿದ್ದಳು. ಅವತ್ತು ನಾನು ಬ್ಯಾನರು ಮುಟ್ಟಿಸಲು ಗದಗಿಗೆ ಹೋಗಿದ್ದೆ. ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಪರದೆಗೆ ವಿಭೂತಿ, ಕಂಪ್ಯೂಟರಿನ ಡಬ್ಬಿಗೆ ಕುಂಕುಮ, ಮೇಲೊಂದು ಚೆಂಡು ಹೂವಿನ ಮಾಲೆ. ಪಡಸಾಲೆ ಮಾತ್ರ ಯಾಕೋ ಸುಮ್ಮನಿತ್ತು. ಫ್ಯಾನಿನ ಸದ್ದಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅವ್ವಾ, ಇದನ್ನ ಯಾರು ಬಂದ್ ಮಾಡಿದ್ರು?"

"ನಾನ ಮಾಡೀನಪಾ. ಪೂಜಿಗೆ ಕುಂತ ಹತಾರ ಗುಂಯ್ ಅಂತ ದುಡಿಯಾಕತ್ತಿತ್ತು. ಇವತ್ತೊಂದಿನ ಅದಕ್ಕೂ ವಿಶ್ರಾಂತಿ ಬ್ಯಾಡೇನು?"

ಗೋಡೆಯ ಸ್ವಿಚ್ಚನ್ನೇ ಆರಿಸಿದ್ದಳು. ಹಚ್ಚಿದೆ. ಚುಕ್ಕಿಗಳು ತಿರುಗಿ ನಿಂತವು. ವೈರು ಕಿತ್ತೆ, ಚಹಾ ಕುಡಿದೆ, ಹಚ್ಚಿದೆ, ನಿಂತವು. ಪ್ರಿಂಟರು, ಪೆನ್‌ಡ್ರೈವು ಎಲ್ಲ ಬಿಡಿಸಿ ನೋಡಿದೆ. ಡಬ್ಬಿ ಬಿಚ್ಚಿ, ಒಳಗಿನ ಮೆಮರಿ ಪಟ್ಟಿ ತೆಗೆದು ರಬ್ಬರಿನಿಂದ ತಿಕ್ಕಿ ಕೂಡಿಸಿದೆ. ಏಳನೆಯ ಸಲ ಚುಕ್ಕಿಗಳೂ ಬರಲಿಲ್ಲ. ಒಳಗೆ ಟಕ್ ಟಕ್ ಎಂದು ಏನೋ ಬಡಿಯತೊಡಗಿತು.

ಆ ಕೂಸಿನ ಫೋಟೋ ಹೋಯಿತೆಂದು ಹಬ್ಬದ ದಿನ ಅವ್ವನ ಮೇಲೆ ಕೂಗಾಡಿದೆ. ಏನೇನು ಅಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅವಳು ಮಾಲೆ ತೆಗೆದು, ಸೆರಗಿನಿಂದ ಕುಂಕುಮ ಒರೆಸತೊಡಗಿದಳು, ಅದನ್ನು ಒರೆಸಿದರೆ ಸರಿಹೋಗುತ್ತದೆ ಎಂಬಂತೆ.

ಮರುದಿನ ಬೆಳಿಗ್ಗೆ ಗದಗಿನವರು ಬಂದು ಡಿಸ್ಕನ್ನು ತಮ್ಮ ಯಂತ್ರಕ್ಕೆ ಜೋಡಿಸಿ ಕಿವಿಗೊಟ್ಟು ಕೇಳಿದರು. "ಹೋತ್ರಿ" ಎಂದರು. "ಅವತ್ತ ಹೇಳಿದ್ನೆಲ್ಲರಿ" ಎಂದು ಮೆಲ್ಲಗೆ ಸೇರಿಸಿದರು. ಆಮೇಲೆ ಹುಬ್ಬಳ್ಳಿಗೂ ಕಳಿಸಿದೆ. ಅಲ್ಲಿಂದಲೂ ಅದೇ ಮಾತು ಬಂತು.

ಗದಗಿನವರು ಬಂದುಹೋದ ದಿನವೇ ಬನ್ನಿ ಹಬ್ಬ. ಸಂಜೆ ಮಲ್ಲಸಮುದ್ರದ ಆ ತಾಯಿ ಬಂದಳು. ಹಬ್ಬ ಮುಗಿಸಿ ಬರ್ರಿ ಎಂದಿದ್ದೆ. ಮುಗಿಯುವವರೆಗೂ ಕಾಯಲು ಅವಳಿಂದ ಆಗಿರಲಿಲ್ಲ. ನನ್ನ ಕೈಗೆ, ಅವ್ವನ ಕೈಗೆ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ್ರಿ" ಎಂದಳು. ಆಮೇಲೆ ಬಿಚ್ಚಿಟ್ಟ ಡಬ್ಬಿಯ ಮೇಲೆ ಅವಳ ಕಣ್ಣು ಬಿತ್ತು.

ನಾನು ಬಾಯಿ ತೆಗೆಯುವುದರೊಳಗೆ ಅವ್ವ ಮುಂದೆ ಬಂದಳು. "ಯವ್ವಾ, ತಪ್ಪು ನಂದು. ಪೂಜಿಗಂತ ನಾನ ಬಂದ್ ಮಾಡಿದೆ. ನಿನ್ನ ಕೂಸಿನ ಫೋಟೋ ಹೋತು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನೀವೇನು ಬೇಕಂತ ಮಾಡೀರೇನ್ರಿ ಅಮ್ಮಾರ, ಬಿಡ್ರಿ" ಎಂದಳು. ಮಳೆಗಾಲಕ್ಕೆ ಮೊದಲೇ ನನಗೆ ಎಚ್ಚರಿಕೆ ಕೊಟ್ಟಿದ್ದರೆಂದು, ಅವತ್ತು ಹತ್ತು ನಿಮಿಷದ ಕೆಲಸ ಮುಂದೂಡಿದ್ದು ನಾನೆಂದು ನಾನು ಹೇಳಲಿಲ್ಲ. ಅವ್ವನ ಹಿಂದೆ ನಿಂತುಕೊಂಡೆ, ಇಷ್ಟು ವಯಸ್ಸಾದವನು.

"ಅಣ್ಣಾರ," ಅವಳು ನನ್ನ ಕಡೆ ತಿರುಗಿದಳು, "ನೀವು ಆ ಫೋಟೋ ಭಾಳ ಹೊತ್ತು ನೋಡಿ ಕೆಲಸ ಮಾಡಿದ್ರೆಲ್ಲ. ಅದರಾಗ ಆಕಿ ಹೆಂಗಿದ್ಲು, ಒಂದಿಷ್ಟು ಹೇಳ್ರಿ. ದಿನಾ ಅಷ್ಟಷ್ಟ ಆಕಿ ಮಾರಿ ಮಸಕ ಆಗಾಕತ್ತೈತ್ರಿ ನನಗ."

ನೆನಪು ಮಾಡಿಕೊಂಡೆ. ಖರೆ ಹೇಳುತ್ತೇನೆ, ನೆನಪಿಗೆ ಬಂದದ್ದು ನಾನು ಅಳಿಸಿದ್ದು ಮಾತ್ರ. ಹಿಂದೆ ಒಂದು ನೀಲಿ ಡ್ರಮ್ಮಿತ್ತು. ಹಗ್ಗದ ಮೇಲೆ ಒಣಹಾಕಿದ ಧೋತರವಿತ್ತು. ಮಗುವಿನ ಹೆಗಲ ಮೇಲೆ ಹಸಿರು ಬಳೆ ತೊಟ್ಟ ಒಂದು ಮುದಿ ಕೈ ಇತ್ತು. ಅದನ್ನು ತೆಗೆಯಲು ಬಹಳ ಕಷ್ಟಪಟ್ಟಿದ್ದೆ. ಮುಖ ಮಾತ್ರ ಬರಲೇ ಇಲ್ಲ. ಏನಾದರೂ ಹೇಳಬೇಕಿತ್ತು.

"ನಗಾಕತ್ತಿದ್ಲ್ರಿ," ಎಂದೆ. "ಭಾಳ ಚೆಂದ ನಗಾಕತ್ತಿದ್ಲು."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. "ಇಲ್ರಿ ಅಣ್ಣಾರ," ಎಂದಳು. "ಆ ಫೋಟೋದಾಗ ಅಳಾಕತ್ತಿದ್ಲು. ಸುಮ್ಕ ಕುಂಡ್ರವಲ್ಲಳು ಅಂತ ಅವರಜ್ಜಿ ಹೆಗಲ ಹಿಡಕೊಂಡಿದ್ರು."

ಅವ್ವನ ಕಾಲು ಮುಟ್ಟಿ ನಮಸ್ಕರಿಸಿ ಅವಳು ಬಸ್ಸಿಗೆ ಹೋದಳು. ಅಜ್ಜಿಯ ಕೈ ನನಗೆ ನೆನಪಿತ್ತು. ಅದನ್ನಾದರೂ ಹೇಳಬಹುದಿತ್ತು.